ಸೀಮಂತಕ್ಕೆ ಬಂದ ಟೋಪಿ

“ಆ ಮಗೂನ ಒಳಗಡೆ ರೂಮಲ್ಲಿ ಕೂರಿಸಿ ಬಾಗಿಲು ಹಾಕೋ ಉಮಾ. ಇವಳ ಕಣ್ಣಿಗೆ ಬೀಳಬಾರದು,” ಎಂದರು ರಾಜಲಕ್ಷ್ಮಿ. ಹೇಳಿದ್ದು ಮಗ ಉಮಾಶಂಕರನಿಗೆ. ‘ಇವಳು’ ಎಂದರೆ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತಿದ್ದ ಏಳು ತಿಂಗಳ ಬಸುರಿ ಸೊಸೆ ಕೋಕಿಲಾ. ಕೇಳಿಸದಿರಲು ಅವಳೇನು ಕಿವುಡಿಯೇ? ಕೆನಡಾದ ಎಟೋಬಿಕೋಕ್‌ನ ಆ ಅಪಾರ್ಟ್‌ಮೆಂಟಿನ ಹಾಲು ಅಷ್ಟೇನೂ ದೊಡ್ಡದಲ್ಲ.

ಮಗು ಎಂದರೆ ಕೋಕಿಲಾಳ ಗೆಳತಿ ನೀಮಾಳ ಮಗಳು ಪೆಂಡೋ, ಆರು ವರ್ಷದವಳು. ಅಮ್ಮ ಟಾಂಜಾನಿಯಾದ ಕಪ್ಪು ಹೆಂಗಸು. ಮಗಳಿಗೆ ಹುಟ್ಟಿನಿಂದಲೇ ಮೈಗೆ ಬಣ್ಣವಿಲ್ಲ. ಚರ್ಮ ಅಚ್ಚ ಬಿಳಿ, ಕೂದಲು ಒಣಹುಲ್ಲಿನ ಬಣ್ಣ, ಬೆಳಕು ಕಂಡರೆ ಕಣ್ಣು ಕಿರಿದಾಗುತ್ತದೆ. ಇಂಥ ಮಕ್ಕಳ ಕೈಕಾಲು ಮಾಟಕ್ಕೆ ಬೇಕೆಂದು ಕೊಲ್ಲುವ ಪಾಪಿಗಳು ಅವರ ಸೀಮೆಯಲ್ಲಿದ್ದರು. ಹೋದ ವರ್ಷ, ೨೦೦೮ರಲ್ಲಿ, ನೀಮಾ ಮಗಳನ್ನು ಅವುಚಿಕೊಂಡು ಕೆನಡಾಕ್ಕೆ ಓಡಿಬಂದಿದ್ದಳು. ಟಾಂಜಾನಿಯಾದಲ್ಲಿ ಇಂಥ ಮಕ್ಕಳ ತಾಯಂದಿರು ಸಂಘ ಕಟ್ಟಿಕೊಂಡು ಬುಟ್ಟಿ ಹೆಣೆಯುತ್ತಾರೆ. ಇಲ್ಲಿ ರೆಕ್ಸ್‌ಡೇಲಿನ ಒಂದು ಬೇಸ್‌ಮೆಂಟಿನಲ್ಲಿ ನೀಮಾ ಮತ್ತು ನಾಲ್ಕಾರು ಹೆಂಗಸರು ಅವನ್ನು ಮಾರಿ, ಆ ಮಕ್ಕಳಿಗೆ ಬಿಸಿಲಿನ ಟೋಪಿ ಹೊಲಿದು ಕಳಿಸುತ್ತಾರೆ. ಶನಿವಾರ ಬಂತೆಂದರೆ ಕೋಕಿಲಾಳೂ ಅಲ್ಲಿ ಸೂಜಿ ಹಿಡಿದು ಕೂರುತ್ತಿದ್ದಳು.

ಇವತ್ತಿನ ತಾಂಬೂಲಕ್ಕೆ ಇಟ್ಟಿದ್ದೂ ಅದೇ ಸಂಘದ ಪುಟ್ಟ ಬುಟ್ಟಿಗಳು. “ಎಷ್ಟು ಮುದ್ದಾಗಿದೆ ನೋಡಿ, ನಮ್ಮ ಮೈಸೂರಲ್ಲೂ ಇಂಥದ್ದು ಸಿಗಲ್ಲ,” ಎಂದು ಬೆಳಿಗ್ಗೆಯಿಂದ ಬಂದವರಿಗೆಲ್ಲ ಎತ್ತಿ ತೋರಿಸಿದವರು ಇದೇ ರಾಜಲಕ್ಷ್ಮಿ. ಬುಟ್ಟಿ ಬೇಕು, ಆ ತಾಯಂದಿರ ಮಕ್ಕಳು ಮಾತ್ರ ಬೇಡ. ಯಾವ ನ್ಯಾಯವಪ್ಪಾ ಇದು ಎಂದು ಕೋಕಿಲಾಳಿಗೆ ಮೈಯೆಲ್ಲ ಉರಿಯಿತು.

ಉಮಾಶಂಕರನಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನೀಮಾ ಬಾಗಿಲ ಬಳಿ ಕೋಟು ಬಿಚ್ಚುತ್ತಿದ್ದಾಗಲೇ “ಕಮ್ ಪೆಂಡೋ, ಒಳಗೆ ಟೀವಿ ಇದೆ,” ಎಂದು ಇಂಗ್ಲಿಷಿನಲ್ಲಿ ಪುಸಲಾಯಿಸಿ ಮಗುವನ್ನು ಒಳಗೆ ಬಿಟ್ಟು ಬಂದ. ಬಂದವನು ಹೆಂಡತಿಯ ಕಿವಿಯಲ್ಲಿ, “ಅಮ್ಮ ಹಳೇ ಕಾಲದವರು ಕಣೇ. ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊ,” ಎಂದ.

“ನಾನು ಮಾಡ್ಕೋತೀನಿ. ಆ ಮಗು ಯಾಕ್ರೀ ಮಾಡ್ಕೋಬೇಕು?”

ಅವನು ಕುರ್ಚಿಗಳನ್ನು ಸರಿಪಡಿಸಲು ಹೋದ. ಕುರ್ಚಿಗಳು ಸರಿಯಾಗಿಯೇ ಇದ್ದವು.

ಮಡಿಲು ತುಂಬುವ ಸರದಿ ನೀಮಾಳಿಗೆ ಬಂತು. ಮುಂದಿನವರನ್ನು ನೋಡಿ ಕಲಿತು ಅರಿಶಿನ ಕುಂಕುಮ ಹಚ್ಚಿದಳು, ಅಕ್ಕಿ ಹಾಕಿದಳು. ಆಮೇಲೆ ತನ್ನ ಚೀಲದಿಂದ ಅಂಗೈಯಗಲದ ಒಂದು ಹತ್ತಿ ಬಟ್ಟೆಯ ಟೋಪಿ ತೆಗೆದು ತೆಂಗಿನಕಾಯಿಯ ಪಕ್ಕದಲ್ಲಿಟ್ಟಳು. “ನಮ್ಮ ಹೆಂಗಸರು ಕಳಿಸಿದ್ದು. ನಮ್ಮಲ್ಲಿ ಯಾರಿಗೇ ಮಗುವಾದರೂ ಮೊದಲ ಟೋಪಿ ಸಂಘದ್ದೇ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ಸೊಸೆಯ ಮಡಿಲಿಗೆ ಹಲ್ಲಿ ಬಿದ್ದಂತೆ ರಾಜಲಕ್ಷ್ಮಿ ಬೆಚ್ಚಿದರು. “ವೆರಿ ನೈಸ್, ವೆರಿ ನೈಸ್,” ಎನ್ನುತ್ತಲೇ ಎರಡು ಬೆರಳಲ್ಲಿ ಟೋಪಿಯನ್ನು ಎತ್ತಿಕೊಂಡು ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಬಂದರು.

“ಯಾಕೆ ತೆಗೆದ್ರಿ ಅತ್ತೆ?”

“ಶ್! ಅಂಥ ಮಕ್ಕಳಿಗೆ ಹೊಲಿಯೋ ಟೋಪಿ ಅದು. ಮಡಿಲಿಗೆ ಹಾಕಿಸ್ಕೊಂಡು, ನಾಳೆ ನಮ್ಮನೇಲೂ ಅಂಥದ್ದೇ ಹುಟ್ಟಿದ್ರೆ? ಬಿಡ್ತು ಅನ್ನು.”

ನೀಮಾಳಿಗೆ ಕನ್ನಡ ಬಾರದು. ಆದರೆ ಹಾಗೆ ಎರಡು ಬೆರಳಲ್ಲಿ ಹಿಡಿಯುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಸುತ್ತ ಕಣ್ಣಾಡಿಸಿ, “ಪೆಂಡೋ ಎಲ್ಲಿ?” ಎಂದಳು. ಉಮಾಶಂಕರ ಕಾರ್ಪೆಟ್ಟು ನೋಡುತ್ತ ನಿಂತ. ಮುಚ್ಚಿದ ಬಾಗಿಲು ಅವಳಿಗೆ ತಾನಾಗಿಯೇ ಕಂಡಿತು.

“ನಮ್ಮೂರಲ್ಲಿ ಅವಳ ಜೀವ ಉಳಿಸೋಕೆ ಬಾಗಿಲು ಹಾಕ್ತಿದ್ದೆ,” ಎಂದಳು ದನಿ ಏರಿಸದೆ. “ಇಲ್ಲಿ ಯಾಕೆ ಹಾಕಿದ್ದೀರಿ?”

ಕೋಕಿಲಾ ಎದ್ದಳು. “ಅಯ್ಯೋ, ಆರತಿ ಆಗೋತನಕ ಏಳಬಾರದು!” ಎಂದು ಹೆಂಗಸರು ಕೂಗಿಕೊಂಡರು. ಅವಳು ಸೆರಗಿನ ಅಕ್ಕಿ, ಕಾಯಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಡೆದಳು. ಟೋಪಿಯನ್ನು ಚಪ್ಪಲಿ ಸ್ಟ್ಯಾಂಡಿನಿಂದ ತೆಗೆದು ಮತ್ತೆ ಮಡಿಲಿಗೆ ಹಾಕಿಕೊಂಡಳು. ಮೊಣಕೈಯಿಂದ ಬಾಗಿಲು ನೂಕಿದಳು. ಟೀವಿ ಹಾಕುವ ವ್ಯವಧಾನವೂ ಆ ಮಹಾರಾಯನಿಗೆ ಇರಲಿಲ್ಲ. ಅತಿಥಿಗಳ ಕೋಟುಗಳನ್ನು ರಾಶಿ ಹಾಕಿದ್ದ ಮಂಚದ ತುದಿಯಲ್ಲಿ ಪೆಂಡೋ ಕಾಲು ಇಳಿಬಿಟ್ಟು ಕುಳಿತಿದ್ದಳು. ಕೋಕಿಲಾ ಕೋಟುಗಳನ್ನು ಅತ್ತ ತಳ್ಳಿ ಅವಳ ಪಕ್ಕದಲ್ಲೇ ಕುಳಿತಳು. ಇನ್ನೊಂದು ಪಕ್ಕಕ್ಕೆ ನೀಮಾ ಬಂದಳು.

“ಆರತಿ ಮಾಡೋರು ಇಲ್ಲಿಗೇ ಬನ್ನಿ,” ಎಂದು ಕೋಕಿಲಾ ಕೂಗಿ ಹೇಳಿದಳು.

ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ನಾಲ್ಕು ಜನರ ಮುಂದೆ ಮಾನ ಹೋಗಬಾರದಲ್ಲ, ರಾಜಲಕ್ಷ್ಮಿ ಅವರನ್ನು ಸರಿಸಿಕೊಂಡು ಬೆಳ್ಳಿ ಲೋಟ ಹಿಡಿದು ಒಳಗೆ ಬಂದರು. ಮಗುವಿನ ಕಡೆ ನೋಡದೆ ಲೋಟ ಚಾಚಿ, ದನಿಗೆ ಬೆಲ್ಲ ಸವರಿಕೊಂಡು ಹೇಳಿದರು: “ಈ ಹೊತ್ತಲ್ಲಿ ಸಿಟ್ಟು ಮಾಡ್ಕೋಬಾರದಮ್ಮ. ತಗೋ, ಕೇಸರಿ ಹಾಕಿದ ಹಾಲು. ಕುಡಿ, ಮಗು ಬೆಳ್ಳಗೆ ಹುಟ್ಟುತ್ತೆ.”

ಕೋಕಿಲಾ ಲೋಟ ಮುಟ್ಟಲಿಲ್ಲ. ಪೆಂಡೋಳ ಹೆಗಲ ಮೇಲೆ ಕೈ ಹಾಕಿ ಹತ್ತಿರಕ್ಕೆ ಎಳೆದುಕೊಂಡಳು.

“ಎಷ್ಟು ಬೆಳ್ಳಗೆ ಅತ್ತೆ?”