ಒಂದಕ್ಷರದ ತಪ್ಪು

ಡಾಕ್ಟರು ಫೈಲನ್ನು ಮೇಜಿನ ಈಚೆಗೆ ತಳ್ಳಿ, "ಇನ್ನು ಮೇಲೆ ಅವರವರ ಫೈಲನ್ನು ಅವರವರೇ ಓದಬಹುದು. ತಪ್ಪಿದ್ದರೆ ಹೇಳಿ" ಎಂದರು. ಹೊಸ ನಿಯಮ ಬಂದಿತ್ತು, ನಿಯಮಕ್ಕೆ ತಕ್ಕ ಹಾಗೆ ಆಡಿದ ಮಾತು ಅಷ್ಟೆ. ಆದರೆ ಆಡಿದ್ದು ಇಪ್ಪತ್ತಾರು ವರ್ಷ ಅಚ್ಚುಮನೆಯಲ್ಲಿ ಪ್ರೂಫ್ ನೋಡಿದ ಮನುಷ್ಯನ ಮುಂದೆ. ಅವನು ಅಂಗಿಯ ಜೇಬಿನಿಂದ ಕೆಂಪು ಪೆನ್ನು ತೆಗೆದ.

ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಹೋದ ತಿಂಗಳು ಇದೇ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಎರಡು ವಾರ ಇದ್ದವನು. ಅಲ್ಲಿ ಮಾತ್ರೆ ಹೆಚ್ಚಿಸಿದಾಗಿನಿಂದ ಈ ನಡುಕ. ಒಂದು ಸಾಲಿಗೆ ಎಳೆದ ಗೆರೆ ಕೆಳಗಿನ ಸಾಲಿನ ಮೇಲೆ ಬೀಳುತ್ತಿತ್ತು. ತಿಂಗಳ ಕೊನೆಯವರೆಗೆ ನಿನ್ನ ಕುರ್ಚಿಗೆ ಬೇರೆಯವರನ್ನು ಕೂರಿಸುವುದಿಲ್ಲ ಎಂದು ಅಚ್ಚುಮನೆಯ ಯಜಮಾನರು ಮಾತು ಕೊಟ್ಟಿದ್ದರು, ಅದರಾಚೆಗಿಲ್ಲ. ಇವತ್ತು ಇನ್ನೂ ಒಂದು ಮಾತ್ರೆ ಹೆಚ್ಚಾದರೆ ಆ ಕುರ್ಚಿಗೆ ಕೈಮುಗಿದ ಹಾಗೆಯೇ ಎಂದು ಜೊತೆಗೆ ಬಂದ ಅಕ್ಕನಿಗೂ ಗೊತ್ತಿತ್ತು. ಆದರೂ ಆಸ್ಪತ್ರೆಯ ಕಾಗದದ ಮೇಲೆ ತಮ್ಮ ಗೀಚುವುದನ್ನು ಕಂಡು ಅವಳಿಗೆ ಜೀವ ಬಾಯಿಗೆ ಬಂತು. "ಸುಮ್ಮನಿರೋ" ಎಂದು ಮೊಣಕೈಯಿಂದ ತಿವಿದಳು.

ಅವನು ಸುಮ್ಮನಿರಲಿಲ್ಲ. ತುಟಿಯಲ್ಲೇ ಓದುತ್ತಾ ಡಾಕ್ಟರು ಬರೆದ ಮೊದಲ ಪುಟದಲ್ಲಿ ಎರಡು ಒತ್ತು, ಒಂದು ದೀರ್ಘ ಸರಿಮಾಡಿದ. ಎಷ್ಟು ಓದಿದವರಾದರೇನು, ಒತ್ತಕ್ಷರದಲ್ಲಿ ಸಿಕ್ಕಿಬಿದ್ದರೆ ಯಾರ ಮುಖವಾದರೂ ಸಣ್ಣದಾಗುತ್ತದೆ. ಡಾಕ್ಟರದ್ದೂ ಆಯಿತು. ಎರಡನೇ ಪುಟದಲ್ಲಿ ನರ್ಸ್ ಬರೆದ ಸಾಲಿನ ಮೇಲೆ ಪೆನ್ನು ನಿಂತಿತು: 'ರೋಗಿ ದಿನವಿಡೀ ಗೋಡೆಯ ಜೊತೆ ಮಾತಾಡುತ್ತಾನೆ. ಅಲ್ಪವಿರಾಮ, ಪೂರ್ಣವಿರಾಮ ಎಂದು ಗೊಣಗುತ್ತಾನೆ.'

"ಗೋಡೆ ಜೊತೆ ಅಲ್ಲ ಡಾಕ್ಟ್ರೇ. ಗೋಡೆ ಮೇಲಿನ ಬೋರ್ಡ್ ಓದ್ತಾ ಇದ್ದೆ. ವಾರ್ಡಿನ ನಿಯಮಗಳು ಅಂತ ಹಾಕಿದ್ದೀರಲ್ಲ, ಅದರಲ್ಲಿ ಹನ್ನೊಂದು ತಪ್ಪಿದೆ."

ಪ್ರೂಫ್ ಓದುವುದೇ ಹಾಗೆ ಎಂದು ಅವನು ವಿವರಿಸಿದ. ಒಬ್ಬ ಮೂಲವನ್ನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚನ್ನು ನೋಡಬೇಕು. ವಾರ್ಡಿನಲ್ಲಿ ಇನ್ನೊಬ್ಬ ಸಿಗಲಿಲ್ಲ, ಎರಡೂ ಕೆಲಸ ತಾನೇ ಮಾಡಿಕೊಂಡ. ಆ ಗೊಣಗಾಟಕ್ಕೇ ಮಾತ್ರೆ ಏರಿತ್ತು.

ಇಷ್ಟಕ್ಕೇ ನಿಂತಿದ್ದರೆ ತನ್ನ ಪರ ತಾನೇ ವಾದ ಮಾಡಿಕೊಂಡ ಎನ್ನಬಹುದಿತ್ತು. ಅವನು ಪುಟ ತಿರುವಿ ಇನ್ನೊಂದು ಸಾಲಿಗೂ ಕೆಂಪು ಸುತ್ತು ಹಾಕಿದ: 'ಹತ್ತರಿಂದ ಹನ್ನೆರಡನೇ ತಾರೀಖು. ಶಾಂತವಾಗಿದ್ದಾನೆ. ತುಂಬಾ ಸುಧಾರಣೆ.' ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ವಾರ್ಡಿನವರು ಕೊಂಚ ಹೆಚ್ಚೇ ನಂಬಿದ್ದರು.

"ಇದೂ ತಪ್ಪು" ಎಂದ. ಈ ಸಲ ದನಿ ತಗ್ಗಿತ್ತು. "ಆ ಮೂರು ದಿನ ತಲೆಯೊಳಗಿನವರು ಮಾತಾಡ್ತಾ ಇದ್ರು. ನಿನ್ನಿಂದ ಯಾರಿಗೂ ಉಪಯೋಗ ಇಲ್ಲ ಅಂತಿದ್ರು. ಅವರು ಶುರು ಮಾಡಿದ್ರೆ ನನಗೆ ಬಾಯಿ ಬರಲ್ಲ. ನಾನು ಬಾಯಿಬಿಟ್ಟು ಓದ್ತಾ ಇದ್ರೆ ಅವರಿಗೆ ಜಾಗ ಇರಲ್ಲ. ಗೊಣಗಿದ್ರೆ ಹೆದರಬೇಡಿ ಡಾಕ್ಟ್ರೇ, ಸುಮ್ಮನಾದ್ರೆ ಹೆದರಿ."

ಕಾಯಿಲೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ ಎಂದು ಡಾಕ್ಟರು ಈ ಕುರ್ಚಿಯಲ್ಲಿ ಕೂತು ಇಪ್ಪತ್ತು ವರ್ಷ ಹುಡುಕಿದ್ದರು. ದಪ್ಪ ದಪ್ಪ ಪುಸ್ತಕಗಳಲ್ಲೂ ಅವರಿಗೆ ಸಿಗದಿದ್ದ ಆ ಗೆರೆಯನ್ನು ಈ ಮನುಷ್ಯ ನಡುಗುವ ಕೈಯಲ್ಲಿ ಎಳೆದು ತೋರಿಸಿದ್ದ. ಅದೂ ತನಗೇ ತೊಡಕಾಗಬಹುದಾದ ಸತ್ಯವನ್ನು ಯಾರೂ ಕೇಳದೆಯೇ ಹೇಳಿ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಅವನನ್ನೇ ನೋಡುತ್ತಾ ಕೂತರು.

ಅಕ್ಕ ಅಳುತ್ತಿದ್ದಳು. ಗೊಣಗುವುದೇ ಕಾಯಿಲೆಯ ಲಕ್ಷಣ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರಂತೆ, ಮನೆಯಲ್ಲಿ ಅವನು ಓದಲು ಶುರುಮಾಡಿದಾಗಲೆಲ್ಲ ತಾನೇ ಬಾಯಿ ಮುಚ್ಚಿಸುತ್ತಿದ್ದಳಂತೆ.

ಅವನು ಕೊನೆಯ ಪುಟಕ್ಕೆ ಬಂದಿದ್ದ. ಅಲ್ಲಿದ್ದದ್ದು ಅವತ್ತಿನದೇ ಸಾಲು, ಇವರಿಬ್ಬರೂ ಒಳಗೆ ಬರುವ ಮೊದಲೇ ಡಾಕ್ಟರು ಬರೆದಿಟ್ಟದ್ದು: 'ರೋಗಿಯ ಬಳಿ ಹೇಳಿ ಮಾತ್ರೆ ಹೆಚ್ಚಿಸಲಾಗಿದೆ.' 'ಹೇಳಿ' ಎಂಬುದರ ಮೊದಲ ಅಕ್ಷರಕ್ಕೆ ಸುತ್ತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ 'ಕೇ' ಎಂದು ಬರೆದ.

"ಒಂದೇ ಅಕ್ಷರ" ಎಂದ, ದೊಡ್ಡ ತಪ್ಪೇನಲ್ಲ ಎಂದು ಸಮಾಧಾನ ಮಾಡುವವನ ಹಾಗೆ.

ಡಾಕ್ಟರು ಅದನ್ನು ಎರಡು ಸಲ ಓದಿದರು. ಆಮೇಲೆ ಆ ಸಾಲಿನಲ್ಲಿ ಮಿಕ್ಕಿದ್ದನ್ನು ತಾವೇ ಹೊಡೆದುಹಾಕಿ, "ಸರಿ, ಕೇಳ್ತೀನಿ. ಈಗ ಏನು ಮಾಡೋಣ?" ಎಂದರು.

ಅರ್ಧ ಗಂಟೆ ಹಿಡಿಯಿತು. ಮಾತ್ರೆ ಪೂರ್ತಿ ಬಿಟ್ಟರೆ ತಲೆಯೊಳಗಿನವರು ವಾರದಲ್ಲೇ ಹಾಜರಾಗುತ್ತಾರೆ, ಅದು ಬೇಡ ಎಂದು ಅವನೇ ಹೇಳಿದ. ವಾರ್ಡಿಗೆ ಬರುವ ಮೊದಲಿದ್ದ ಅಳತೆಗೆ ಇಳಿಸುವುದು, ಎರಡು ವಾರ ಬಿಟ್ಟು ಮತ್ತೆ ಕೂತು ನೋಡುವುದು ಎಂದಾಯಿತು. ಮನೆಯಲ್ಲಿ ಮೂಲವನ್ನು ಅಕ್ಕ ಓದುವುದು, ಅಚ್ಚನ್ನು ಅವನು ನೋಡುವುದು. ಅವನು ಒಂದು ಇಡೀ ದಿನ ಸುಮ್ಮನಾದರೆ ಅಕ್ಕ ಆಸ್ಪತ್ರೆಗೆ ಫೋನ್ ಮಾಡುವುದು. ಡಾಕ್ಟರು ಬರೆದರು, ಅವನು ಪಕ್ಕಕ್ಕೆ ಬಾಗಿ ಒತ್ತುಗಳನ್ನು ನೋಡಿಕೊಂಡ.

ಇಬ್ಬರೂ ಎದ್ದು ಬಾಗಿಲವರೆಗೆ ಹೋದ ಮೇಲೆ ಡಾಕ್ಟರು ಕರೆದರು. ಕೆಂಪು ಪೆನ್ನು ಫೈಲಿನ ಮೇಲೇ ಉಳಿದಿತ್ತು.

ಅವನು ತಿರುಗಿ ಪೆನ್ನನ್ನು ನೋಡಿದ, ಬಾಗಿಲಾಚೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಾ ಸುಮ್ಮನೆ ಕೂತಿದ್ದ ರೋಗಿಗಳನ್ನೂ ನೋಡಿದ.

"ಇಟ್ಕೊಳ್ಳಿ ಡಾಕ್ಟ್ರೇ. ಹೊರಗೆ ಇನ್ನೂ ಹದಿನಾಲ್ಕು ಜನ ಇದ್ದಾರೆ."