ಚಂದ್ರನ ಏಣಿ

ಲಾರಿಯವರು ಅಂಗಡಿಯ ವಿಡಿಯೋ ಆಟದ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಸಾಗಿಸುತ್ತಿದ್ದರು. ಗಂಡ ಬಂದು ಪೆಟ್ಟಿಗೆಗೆ ಹಾಕುವ ಒಂದು ಹಿತ್ತಾಳೆ ಬಿಲ್ಲೆಯನ್ನು ಬಿಲ್ಲೆಯಕ್ಕನ ಮುಂದೆ ಹಿಡಿದ.

"ಚಂದ್ರನ ಏಣಿ ಆಟದ್ದು ಒಂದು ಉಳಿದಿದೆ. ಅದನ್ನ ಎತ್ತೋದ್ರೊಳಗೆ ಒಂದಾಟ ಆಡು ಬಾ."

ಅವಳು ಮುಖ ತಿರುಗಿಸಿದಳು. ಅಂಗಡಿ ಮುಚ್ಚುವ ವಿಷಯವನ್ನು ಆತ ಅವಳಿಗೆ ಹೇಳಿದ್ದು ಪೆಟ್ಟಿಗೆಗಳನ್ನೆಲ್ಲ ಯಾರಿಗೋ ಕೊಡುವುದಾಗಿ ಒಪ್ಪಿಕೊಂಡು ಬಂದ ಮೇಲೆ. ಅಂದಿನಿಂದ ಊಟಕ್ಕೆ ಬನ್ನಿ, ಬಾಗಿಲು ಹಾಕಿ ಎಂಬುದನ್ನು ಬಿಟ್ಟರೆ ಇಬ್ಬರ ನಡುವೆ ಮಾತೇ ಇರಲಿಲ್ಲ.

"ಇಷ್ಟು ವರ್ಷ ಇಲ್ಲದ ಉಪಚಾರ ಈಗೇನು?"

"ನೀನೇ ಬೇಡ ಅಂತಿದ್ದೆಯಲ್ಲೇ."

"ನೀವು ಕರೆದದ್ದು ಯಾವಾಗ? ನೀನು ಎದ್ದರೆ ಕಿಟಕೀಲಿ ಬಿಲ್ಲೆ ಯಾರು ಕೊಡ್ತಾರೆ ಅಂತಿದ್ರಿ."

ಆತ ಕೈಯಲ್ಲಿದ್ದ ಬೀಗದಕೈ ಗೊಂಚಲನ್ನು ಸುಮ್ಮನೆ ತಿರುಗಿಸಿದ. "ಇವಕ್ಕೆ ಹಾಕೋ ಪಿಕ್ಚರ್ ಟ್ಯೂಬ್ ಈಗ ಎಲ್ಲೂ ಸಿಗಲ್ಲ ಕಣೇ," ಎಂದ. "ಸಿಕ್ಕರೂ ಈ ಕಣ್ಣಿಗೆ ಬೆಸುಗೆ ಹಾಕೋ ಜಾಗ ಕಾಣಲ್ಲ. ನಿನ್ನ ಹತ್ತಿರ ಹೇಳೋಕೆ ಬಾಯೇ ಬರಲಿಲ್ಲ."

ಬಿಲ್ಲೆಯಕ್ಕ ಆ ಕಣ್ಣುಗಳನ್ನು ನೋಡಿದಳು. ಆಮೇಲೆ ಬಿಲ್ಲೆ ತೆಗೆದುಕೊಂಡಳು. ಇಷ್ಟು ವರ್ಷವೂ ಅವಳ ಎತ್ತರದ ಸ್ಟೂಲು ಇದ್ದದ್ದು ಬೀದಿಯ ಕಿಟಕಿಯ ಬಳಿ. ಎದುರಿಗೆ ಬಸ್ಸು ನಿಲ್ಲುವ ಜಾಗ, ಬೆನ್ನಿಗೆ ಆಟದ ಕೋಣೆ. ಕಿಟಕಿಯೊಳಗೆ ತೂರಿ ಬರುವ ಕೈಗಳಿಗೆ ಬಿಲ್ಲೆ ಹಾಕುವುದು ಅವಳ ಕೆಲಸ; ಆ ಹೆಸರು ಬಂದದ್ದೂ ಅದರಿಂದಲೇ. ಶಾಯಿ ಮೆತ್ತಿದ ಕೈ, ಉಂಗುರದ ಕೈ, ಗ್ರೀಸಿನ ಕೈ ಎಲ್ಲವೂ ಅವಳಿಗೆ ಪರಿಚಯ. ಆ ಬಿಲ್ಲೆ ಒಳಗೆ ಬಿದ್ದ ಮೇಲೆ ಪರದೆಯಲ್ಲಿ ಏನಾಗುತ್ತದೆ ಎಂದು ಮಾತ್ರ ಒಮ್ಮೆಯೂ ನಿಂತು ನೋಡಿದವಳಲ್ಲ.

ಈಗ ಬಿಲ್ಲೆ ಹಾಕಿ ನೋಡಿದರೆ ಪರದೆಯಲ್ಲಿ ಒಬ್ಬ ಗಿಡ್ಡ ಮನುಷ್ಯ. ಬೆರಳಿನಷ್ಟೂ ಇಲ್ಲ, ಕೆಂಪು ಟೋಪಿ ಬೇರೆ. ಏಣಿ ಹತ್ತಿ ಹತ್ತಿ ಮನೆಗಳ ಮಾಡು ದಾಟಿ ಚಂದ್ರನ ಕಡೆಗೆ ಹೋಗಬೇಕು; ಮೇಲಿಂದ ಕಲ್ಲುಗಳು ಉರುಳುತ್ತವೆ, ಹಾರಿ ತಪ್ಪಿಸಿಕೊಳ್ಳಬೇಕು. ಅವಳು ಬಟನ್ ಒತ್ತುವಷ್ಟರಲ್ಲಿ ಕಲ್ಲು ಬಂದೇ ಬಿಟ್ಟಿತು. ಗಿಡ್ಡ ಅಂಗಾತ ಬಿದ್ದ. ಎರಡನೆಯ ಸಲವೂ ಅದೇ ಪಾಡು. "ಅಕ್ಕಾ, ಕನ್ನಡಕ ಹಾಕ್ಕೊಳ್ಳಿ!" ಎಂದು ಲಾರಿಯವರಲ್ಲೊಬ್ಬ ಹೋಗುತ್ತಾ ನಕ್ಕ. ಒಂದು ಬಿಲ್ಲೆಗೆ ಮೂರು ಜೀವ; ಉಳಿದದ್ದು ಒಂದೇ.

ಆದರೆ ಗಿಡ್ಡ ಬಿದ್ದಾಗ ಪೆಟ್ಟಿಗೆ ಹೊರಡಿಸಿದ ಆ ಅಳುಬುರುಕ ರಾಗ! ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಕೇಳಿದೊಡನೆ, ಇನ್ನೇನು ಯಾರೋ ಮತ್ತೊಂದು ಬಿಲ್ಲೆಗೆ ಬರುತ್ತಾರೆಂದು ಅವಳ ಕೈ ತಾನಾಗಿ ಬಿಲ್ಲೆಯ ಡಬ್ಬಿಗೆ ಹೋಗುತ್ತಿತ್ತು. ಕಲ್ಲು ಉರುಳುವ ಡುರ್ರೆಂಬ ಸದ್ದೂ ಗೊತ್ತು, ಗಿಡ್ಡನ ತಲೆಯ ಮೇಲೆ ಬಂದಾಗ ಅದು ಸಣ್ಣದಾಗುವುದೂ ಗೊತ್ತು. ಬಿಲ್ಲೆಯಕ್ಕ ಕಣ್ಣು ಮುಚ್ಚಿಕೊಂಡಳು.

"ಏ, ಕಣ್ಣು ಬಿಡೇ!"

"ನೀವು ಸ್ವಲ್ಪ ಸುಮ್ಮನಿರಿ."

ಸದ್ದು ಸಣ್ಣದಾಯಿತು, ಒತ್ತಿದಳು. ಮತ್ತೆ ಸಣ್ಣದಾಯಿತು, ಮತ್ತೆ ಒತ್ತಿದಳು. ಏಣಿ ಹತ್ತುವ ಟಿಕ್‌ಟಿಕ್ ಹೆಬ್ಬೆರಳಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ನೆಲ ಎಲ್ಲಿದೆ ಎಂಬುದೂ ಮರೆತುಹೋಯಿತು. ತಾನು ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ, ಎದುರಿಗೆ ಸಂಜೆಯ ಬಿಸಿಲಲ್ಲಿ ಬಸ್ಸು ಬಂದು ನಿಲ್ಲುತ್ತಿದೆ, ಜನ ತೇಲುವವರ ಹಾಗೆ ಮೆಲ್ಲಗೆ ಇಳಿಯುತ್ತಿದ್ದಾರೆ ಎನಿಸಿತು. ಬೆನ್ನ ಹಿಂದೆ ಯಾರೋ ಬಹಳ ಚೆನ್ನಾಗಿ ಆಡುತ್ತಿದ್ದರು. ಇಷ್ಟು ಸೊಗಸಾಗಿ ಆಡುವವರು ಯಾರಪ್ಪಾ ಎಂದು ಮನಸ್ಸಿನಲ್ಲೇ ತಿರುಗಿ ನೋಡಿದಳು. ತಾನೇ ನಿಂತಿದ್ದಳು.

"ಮಾಡಿನ ಮೇಲೆ ಬಂದೆ," ಗಂಡನ ಧ್ವನಿ ಎಲ್ಲೋ ದೂರದಿಂದ ಬಂತು. "ಹೊಗೆಗೂಡು ಬಂತು ನೋಡು. ಎಂಥೆಂಥವರೂ ಇಲ್ಲೇ ಬೀಳ್ತಿದ್ರು... ದಾಟಿದೆ! ಲೇ, ದಾಟಿಬಿಟ್ಟೆ ಕಣೇ!"

ಪೆಟ್ಟಿಗೆಯ ಸದ್ದೆಲ್ಲ ಒಮ್ಮೆಗೇ ನಿಂತಿತು. ಕೆಟ್ಟುಹೋಯಿತೇನೋ ಎಂದುಕೊಂಡಳು. ಅಷ್ಟರಲ್ಲಿ ಬೇರೊಂದು ರಾಗ ಶುರುವಾಯಿತು. ತುಂಬಿದ ಕೊಡಕ್ಕೆ ಹನಿ ಬಿದ್ದ ಹಾಗೆ, ಒಂದು ಸ್ವರ ಆರುವವರೆಗೆ ಕಾದು ಇನ್ನೊಂದು. ಇಷ್ಟು ವರ್ಷದಲ್ಲಿ ಅವಳ ಬೆನ್ನಿಗೆ ಒಮ್ಮೆಯೂ ಕೇಳದ ರಾಗ. ಬಿಲ್ಲೆಯಕ್ಕ ಕಣ್ಣು ತೆರೆದಳು.

ಪರದೆಯ ತುಂಬ ನೀಲಿ. ಮನೆಗಳಿಲ್ಲ, ಕಲ್ಲುಗಳಿಲ್ಲ. ಮೋಡದಿಂದ ಮೋಡಕ್ಕೆ ಬಿಳಿ ಏಣಿಗಳು ತೂಗುತ್ತಿದ್ದವು; ಗಿಡ್ಡ ಟೋಪಿ ತೆಗೆದು ನಿಂತಿದ್ದ. ಮೂಲೆಯಲ್ಲಿ ಅವನಂಥದೇ ಇನ್ನೊಂದು ಪುಟ್ಟ ಆಕಾರ ಮಿನುಗಿ ನಿಂತಿತು. ಇಷ್ಟು ದೂರ ಬಂದದ್ದಕ್ಕೆ ಪೆಟ್ಟಿಗೆ ಕೊಟ್ಟ ಇನಾಮು, ಇನ್ನೊಂದು ಜೀವ.

"ಇದು ಇದರೊಳಗೇ ಇತ್ತಾ?" ಗಂಡ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ನೀಲಿ ಬೆಳಕು ಅವನ ನರೆತ ಹುಬ್ಬುಗಳ ಮೇಲೆ ಕೂತಿತು. "ಇದರ ಹೊಟ್ಟೆ ಬಿಚ್ಚಿ, ತಂತಿ ತಂತೀನೂ ಬದಲಾಯಿಸಿದವನು ನಾನು. ನಾನೇ ನೋಡಿರಲಿಲ್ವಲ್ಲೇ."

"ಈಗ ಎತ್ತ ಹೋಗಬೇಕು ರೀ?"

"ನನಗೇನು ಗೊತ್ತು? ಇಬ್ಬರಿಗೂ ಹೊಸದು." ಆತ ಅವಳ ಪಕ್ಕಕ್ಕೆ ಸರಿದು ಭುಜಕ್ಕೆ ಭುಜ ತಾಗಿಸಿ ನಿಂತ. "ಎಡಗಡೆ ಮೋಡ ಗಟ್ಟಿ ಇದ್ದ ಹಾಗಿದೆ. ಮೆತ್ತಗೆ ಕಾಲಿಟ್ಟು ನೋಡು."

ಬಾಗಿಲ ಹತ್ತಿರ ಲಾರಿಯವನು ಹಗ್ಗ ಸುತ್ತಿಕೊಂಡು ಬಂದು ನಿಂತ. "ಅಣ್ಣಾ, ಇದೊಂದು ಏರಿಸಿದರೆ ಹೊರಟ್ವಿ. ಪ್ಲಗ್ ಕೀಳಲಾ?"

ಗಂಡ ಪರದೆಯಿಂದ ಕಣ್ಣು ಕೀಳದೆ, ಹಿಂದಕ್ಕೆ ಕೈ ಚಾಚಿ ಗೋಡೆಯ ಪ್ಲಗ್ಗನ್ನು ಅಂಗೈಯಿಂದ ಒತ್ತಿ ಮುಚ್ಚಿದ.

"ತಡಿಯಪ್ಪಾ. ಅವಳಿಗೆ ಇನ್ನೂ ಒಂದು ಜೀವ ಇದೆ."