ಗಂಟಿಲ್ಲದ ಎಳೆ

ವಿಜಯಮ್ಮ ಲಾಳಿ ತಳ್ಳುತ್ತಿದ್ದಂತೆ ಮಗ್ಗದ ಹಾಸಿನಲ್ಲಿ ಒಂದು ರೇಷ್ಮೆ ಎಳೆ ಕಿತ್ತುಹೋಯಿತು. ಕೊಳ್ಳೇಗಾಲದ ಅವಳ ಮನೆಗೆ ನೇಯ್ಗೆ ಕಲಿಯಲು ಇಥಿಯೋಪಿಯಾದಿಂದ ಬಂದಿದ್ದ ಆರು ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಕಣ್ಣು ಮಂಜಾಗಿರುವುದನ್ನು ವಿಜಯಮ್ಮ ಯಾರಿಗೂ ಹೇಳಿರಲಿಲ್ಲ; ಹೇಳಿದ್ದರೆ ಕಲಿಸುವ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಎರಡು ಸಲ ತಡಕಿದಳು. ತುದಿ ಸಿಗಲಿಲ್ಲ.

ಬಂದವರಲ್ಲಿ ಒಬ್ಬಳಾದ ಆಲ್ಮಾಜ್ ಪಕ್ಕಕ್ಕೆ ಬಂದು ಬಾಗಿದಳು. ತನ್ನೂರಲ್ಲಿ ಹತ್ತಿಯ ನೂಲು ತೆಗೆದೇ ಮಕ್ಕಳನ್ನು ಸಾಕಿದವಳು ಅವಳು. ಎರಡೂ ತುದಿಗಳನ್ನು ಹಿಡಿದು ಬೆರಳುಗಳ ನಡುವೆ ಹೊಸೆದಳು. ಗಂಟು ಹಾಕದೆಯೇ ಎಳೆ ಕೂಡಿಕೊಂಡಿತು. ವಿಜಯಮ್ಮ ಅದನ್ನು ಸವರಿ ನೋಡಿದಳು. ಎಲ್ಲಿ ಕಿತ್ತಿತ್ತೆಂದು ಬೆರಳಿಗೂ ತಿಳಿಯಲಿಲ್ಲ.

"ಏನಾಯ್ತು ವಿಜಯಮ್ಮ?" ಎಂದು ತರಬೇತಿಯ ಅಧಿಕಾರಿ ಬಾಗಿಲಿನಿಂದ ಕೇಳಿದರು.

"ನಂಗೆ ಕಣ್ಣು ಸರ್ಯಾಗಿ ಕಾಣಲ್ಲ ಸಾ," ಎಂದು ವಿಜಯಮ್ಮ ತಲೆ ಎತ್ತಿಯೇ ಹೇಳಿದಳು. "ಆದ್ರೆ ಕೈಗೆ ಏನೂ ಆಗಿಲ್ಲ. ಸೀರೆ ನೇಯೋದ್ನ ನಾನು ಇವ್ರಿಗೆ ಕಲಿಸ್ತೀನಿ. ಹಿಂಗೆ ಎಳೆ ಕೂಡ್ಸೋದ್ನ ಈವಮ್ಮ ನಮ್ ಬೀದಿ ಹೆಣ್ಮಕ್ಳಿಗೆ ಕಲಿಸ್ಲಿ. ಅವ್ರೂರೂ ಉಣ್ಲಿ, ನಮ್ಮೂರೂ ಉಣ್ಲಿ. ಹಂಗೇ ಬರ್ಕೊಳಿ."

ಅಧಿಕಾರಿ ಒಂದು ಕ್ಷಣ ಇಬ್ಬರನ್ನೂ ನೋಡಿದರು. ಆಮೇಲೆ ಕಲಿಸುವವರ ಪಟ್ಟಿಯಲ್ಲಿ, ವಿಜಯಮ್ಮನ ಹೆಸರಿನ ಕೆಳಗೆ, ಆಲ್ಮಾಜ್ ಎಂದು ಬರೆದರು.